ಬಸವನನ್ನು ಎತ್ತಿ ಕೂರಿಸಿದ ವರ್ಷ

ಕಳೆದ ತಿಂಗಳು ತಾಳವಾಡಿಯಲ್ಲಿ ಬಸ್ಸಿಳಿದಾಗ ಎದುರಿನ ಮೊಬೈಲ್ ಅಂಗಡಿಯ ಶಟರಿಗೆ ಯಾರೋ ನೀಲಿ ಬಣ್ಣ ಬಳಿಯುತ್ತಿದ್ದರು. ಎನಾಮಲ್ಲಿಗೆ ಟರ್ಪೆಂಟೈನ್ ಬೆರೆಸಿದ ಆ ವಾಸನೆ ಬಡಿಯುತ್ತಲೇ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಪಕ್ಕದಲ್ಲಿದ್ದ ಹೆಂಗಸು ನನಗೆ ಅಸ್ತಮಾ ಇರಬೇಕೆಂದುಕೊಂಡು ಪಕ್ಕಕ್ಕೆ ಜರುಗಿ ಗಾಳಿ ಬರಲು ಜಾಗ ಬಿಟ್ಟಳು. ಅವಳಿಗೇನು ಗೊತ್ತು, ನನಗಿರುವುದು ನಾಚಿಕೆಯ ಕಾಯಿಲೆ. ಐದಾರು ವರ್ಷದ ಹಿಂದೆ ಇದೇ ನೀಲಿಯಲ್ಲಿ ಈ ಸೀಮೆಯ ಹಳ್ಳಕೊಳ್ಳಗಳನ್ನೆಲ್ಲ ನೆಟ್ಟಗೆ ಮಾಡಿ ಒಂದು ನಕ್ಷೆ ಬರೆದಿದ್ದೆ. ದೋಣಿ ನಡೆಸುವವರಿಗಾಗಿ. ತಾಳವಾಡಿ ಬೆಟ್ಟದ ಮೇಲೆ ದೋಣಿ. ಈಗ ಹೇಳಿದರೆ ನಗುತ್ತಾರೆ. ಆಗ ಹೇಳಿದಾಗ ಶಾಲು ಹೊದಿಸಿದ್ದರು.

ಇಲ್ಲಿಯ ಹಳ್ಳಗಳೆಂದರೆ ವರ್ಷದಲ್ಲಿ ಒಂಬತ್ತು ತಿಂಗಳು ಮರಳಿನ ದಾರಿ. ದನ ನಡೆಯುತ್ತದೆ, ಟ್ರ್ಯಾಕ್ಟರ್ ನಡೆಯುತ್ತದೆ, ಜೋಳ ತೆನೆಕಟ್ಟಿದರೆ ಆನೆಯೂ ನಡೆಯುತ್ತದೆ, ನೀರೊಂದೇ ನಡೆಯುವುದಿಲ್ಲ. ಆ ವರ್ಷ ಮಾತ್ರ ಆರಿದ್ರಾ ಮಳೆ ಹಿಡಿದದ್ದು ಮಖೆ ಮುಗಿದರೂ ಬಿಡಲಿಲ್ಲ. ರಾಗಿ ಹೊಲದಲ್ಲಿ ಕಪ್ಪೆ ಕೂಗಿದವು. ಕೋಸಿನ ಬುಡ ಕೊಳೆಯಿತು. ಕೆರೆಗಳು ಒಂದಾದ ಮೇಲೊಂದು ಕೋಡಿ ಬಿದ್ದವು, ಹೆಂಗಸರು ಬಾಗಿನ ಹಿಡಿದು ಏರಿಯ ಮೇಲೆ ಸಾಲುಗಟ್ಟಿದರು. ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನೀರು ನಿಂತ ಕಡೆ ಸೊಳ್ಳೆ ಹುಟ್ಟುವ ಹಾಗೆ ಯೋಜನೆಗಳೂ ಹುಟ್ಟುತ್ತವೆ. ಯಾರೋ ಕೋಡಿಯ ವಿಡಿಯೋ ತೆಗೆದು ಫೋನಿನಲ್ಲಿ ಹರಿಯಬಿಟ್ಟರು. ಘಾಟಿಯ ಕೆಳಗೆ, ತಮಿಳುನಾಡು ಸರ್ಕಾರದ ಯಾವುದೋ ಕಚೇರಿಯಲ್ಲಿ ಒಬ್ಬ ಸಾಹೇಬರು ಅದನ್ನು ನೋಡಿ, ಬೆಟ್ಟದ ಮೇಲೆ ಇಷ್ಟು ನೀರಿದ್ದೂ ಒಂದು ದೋಣಿ ಇಲ್ಲವಲ್ಲ ಎಂದು ಮರುಗಿದರು.

ಅವರ ಹೆಸರು ಸೆಂದಿಲ್ ಸಾರ್ ಎಂದಿಟ್ಟುಕೊಳ್ಳಿ. ನಾನು ಚಾಮರಾಜನಗರದಲ್ಲಿ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವವಳು. ಅದಕ್ಕೆ ಸ್ವಲ್ಪ ಹಿಂದೆ ಒಂದು ಊರಿನ ಸಿಟಿ ಬಸ್ಸುಗಳ ದಾರಿಯನ್ನು ಬಣ್ಣಬಣ್ಣದ ನೇರ ಗೆರೆಗಳಲ್ಲಿ ಬರೆದುಕೊಟ್ಟಿದ್ದೆ. ಡೊಂಕು ರಸ್ತೆಗಳೆಲ್ಲ ನನ್ನ ಕೈಯಲ್ಲಿ ಸ್ಕೇಲು ಹಿಡಿದ ಹಾಗೆ ನಿಂತಿದ್ದವು, ಜನ ಹೊಗಳಿದ್ದರು, ನನಗೆ ಕೊಂಬು ಬಂದಿತ್ತು. ಸಾರ್ ಅದನ್ನು ನೋಡಿ ಫೋನ್ ಮಾಡಿದರು. ಆರು ಕೆರೆ, ನಾಲ್ಕು ಹಳ್ಳ, ಎಲ್ಲವನ್ನೂ ಒಂದೇ ಹಾಳೆಯಲ್ಲಿ ತರಬೇಕು, ದೋಣಿಯವರು ಒಂದು ನೋಟಕ್ಕೆ ತಿಳಿಯಬೇಕು, ಸಿಂಪಲ್ಲಾಗಿರಬೇಕು. ಆ ಒಂದು ಫೋನಿನಲ್ಲಿ ಸಿಂಪಲ್ ಎಂಬ ಮಾತನ್ನು ಅವರು ಎಷ್ಟು ಸಲ ಆಡಿದರೆಂದರೆ, ನೀರು ಇಷ್ಟು ತೊಡಕಾಗಿ ಹರಿಯುವುದೇ ಅವರ ಮೇಲಿನ ಹಗೆಗೆ ಎನ್ನುವ ಹಾಗಿತ್ತು. ಬೆಟ್ಟದ ಮೇಲೆ ದೋಣಿ ಎಂದಾಗ ನನಗೂ ನಗು ಬಂದಿತ್ತು. ಆದರೂ ಒಪ್ಪಿದೆ. ಇಂಥ ಹುಚ್ಚು ಕೆಲಸವನ್ನೂ ಸರಿಯಾಗಿ ಮಾಡಬಲ್ಲವಳು ನಾನೊಬ್ಬಳೇ ಎಂಬ ಕೊಬ್ಬು, ಬೇರೇನಲ್ಲ.

ಪಣಕಹಳ್ಳಿಯಲ್ಲಿ ಗೌರಮ್ಮಣ್ಣಿಯವರ ಮನೆಯ ಹೊರಗಿನ ಕೋಣೆಯಲ್ಲಿ ಇಳಿದುಕೊಂಡೆ. ಗೌರಮ್ಮಣ್ಣಿ ಹತ್ತು ಎಕರೆಯ ಒಡತಿ. ಲಿಂಗಪೂಜೆ ಮುಗಿಯದೆ ಬಾಯಿಗೆ ನೀರು ಹಾಕದವರು, ಮುಗಿದ ಮೇಲೆ ಬಾಯಿ ಮುಚ್ಚದವರು. ಮೊದಲ ದಿನವೇ ನನ್ನ ಲ್ಯಾಪ್‌ಟಾಪಿನ ನೀಲಿ ಗೆರೆಗಳನ್ನು ನೋಡಿ, ಇದೇನೆಂದು ಕೇಳಿದರು. ಹಳ್ಳದ ನಕ್ಷೆ ಎಂದೆ.

"ಅಳ್ಳಕ್ಕೆ ಮ್ಯಾಪು ಯಾಕವ್ವ? ಅದುಕ್ಕೆ ದಾರಿ ಗೊತ್ತು ಕಣ" ಎಂದು ಒಳಗೆ ಹೋದರು.

ಇಂಥ ನಕ್ಷೆಯ ಕಸುಬೆಂದರೆ ಮರ್ಯಾದೆಯಾಗಿ ಸುಳ್ಳು ಹೇಳುವುದು. ದೂರ ಎಷ್ಟು ಎಂಬುದನ್ನು ಕೈಬಿಡುತ್ತೇವೆ, ಯಾವುದಾದ ಮೇಲೆ ಯಾವುದು ಎಂಬುದನ್ನು ಉಳಿಸಿಕೊಳ್ಳುತ್ತೇವೆ. ನೂರು ತಿರುವಿನ ಹಳ್ಳ ಒಂದು ನೇರ ಗೆರೆಯಾಗುತ್ತದೆ. ತಿರುಗಲೇಬೇಕೆಂದರೆ ಒಂದೇ ಅಳತೆಯ ಓರೆಯಲ್ಲಿ ಅಚ್ಚುಕಟ್ಟಾಗಿ ತಿರುಗುತ್ತದೆ. ದೊಡ್ಡ ಕೆರೆ, ಸಣ್ಣ ಕೆರೆ ಎಲ್ಲವೂ ಒಂದೇ ಗಾತ್ರದ ಬಳೆ. ದೋಣಿಯವನಿಗೆ ಬೇಕಾದದ್ದು ಎಲ್ಲಿ ಇಳಿಯಬೇಕು, ಎಲ್ಲಿ ದೋಣಿ ಎತ್ತಿಕೊಂಡು ನಡೆಯಬೇಕು, ಯಾವ ಸೇತುವೆಯ ಕೆಳಗೆ ತಲೆ ತಗ್ಗಿಸಬೇಕು, ಇಷ್ಟೇ. ಈ ಇಷ್ಟನ್ನು ಕಂಡುಹಿಡಿಯಲು ಮಾತ್ರ ಆ ನೂರು ತಿರುವನ್ನೂ ನಡೆಯಲೇಬೇಕು. ಸಾರ್ ಅದಕ್ಕೆ ನನ್ನ ಜೊತೆ ಒಬ್ಬನನ್ನು ಗೊತ್ತುಮಾಡಿದ್ದರು. ಅವನೇ ಸಣ್ಣರಂಗ.

ಸಣ್ಣರಂಗನಿಗೆ ಐವತ್ತು ದಾಟಿತ್ತು. ಎರಡು ಎಕರೆ ರಾಗಿ, ನಾಲ್ಕು ಹಸು. ಅವನ ತಾತನ ಕಾಲದಲ್ಲಿ ಮನೆತನದವರು ಬೆಟ್ಟದ ಕೆಳಗಿನ ಹೊಳೆಯಲ್ಲಿ ತೆಪ್ಪ ಹಾಕಿ ಜನ ದಾಟಿಸುತ್ತಿದ್ದರಂತೆ. ಮೇಲೆ ಬಂದು ಬೇಸಾಯಕ್ಕೆ ನಿಂತು ಎರಡು ತಲೆಮಾರಾದರೂ ಊರಿನವರು ಅವನನ್ನು ಕರೆಯುತ್ತಿದ್ದದ್ದು ತೆಪ್ಪದ ರಂಗ ಎಂದೇ, ತೆಪ್ಪದಲ್ಲಿ ಅವನು ಕೂತದ್ದನ್ನು ಯಾರೂ ಕಾಣದೆ ಇದ್ದರೂ. ಆ ವರ್ಷ ಅವನು ಅಟ್ಟದ ಮೇಲಿದ್ದ ತಾತನ ತೆಪ್ಪದ ಬಿದಿರಿನ ಬುಟ್ಟಿಯನ್ನು ಇಳಿಸಿ, ಹೊಸ ಟಾರ್ಪಾಲು ಹೊದಿಸಿ, ಟಾರು ಬಳಿದ. ದೋಣಿ ವಿಹಾರ ಶುರುವಾದರೆ ಅಂಬಿಗನ ಕೆಲಸ ನಿನ್ನದೇ ಎಂದು ಸಾರ್ ಮಾತು ಕೊಟ್ಟಿದ್ದರು. ಅದನ್ನು ಅವನು ನನಗೆ ಮೊದಲ ದಿನ ಒಂದು ಸಲ, ಎರಡನೆಯ ದಿನ ಎರಡು ಸಲ ಹೇಳಿದ. ದನದ ಸಗಣಿ ಬಾಚಿ ಸಾಕಾಗಿದೆ, ಸಾಯುವ ಮುಂಚೆ ತಾತನ ಕೆಲಸ ಮಾಡಬೇಕು ಎಂಬುದು ಅವನ ಆಸೆ. ನನಗೆ ಅದೂ ಒಂದು ಬೆಪ್ಪುತನವಾಗಿ ಕಂಡಿತ್ತು. ಮುಂದಿನ ವರ್ಷ ಹಳ್ಳ ಒಣಗುತ್ತದಲ್ಲ, ಆಗ ಮರಳಿನ ಮೇಲೆ ತೆಪ್ಪ ಎಳೆಯುತ್ತೀಯಾ ಎಂದು ಕೇಳಬೇಕೆನಿಸಿತ್ತು.

ಒಂದು ತಿಂಗಳು ನಡೆದೆವು. ತಿಗನಾರೆಯ ಕಡೆ ಲಂಟಾನದ ಪೊದೆಯಲ್ಲಿ ತೂರಿ, ಜಿಗಣೆ ಕಿತ್ತು ಎಸೆದು, ಆನೆಯ ಲದ್ದಿ ಹೊಗೆಯಾಡುತ್ತಿದ್ದರೆ ಹಿಂದಕ್ಕೆ ತಿರುಗಿ. ವಾರಕ್ಕೊಮ್ಮೆ ಸಾರ್ ಜೀಪಿನಲ್ಲಿ ಬಂದು, ಬೂಟಿಗೆ ಕೆಸರು ತಗಲದ ಹಾಗೆ ರಸ್ತೆಯ ಮೇಲೇ ನಿಂತು, ನನ್ನ ಕರಡು ತಿದ್ದುತ್ತಿದ್ದರು. ಈ ಹಳ್ಳಗಳ ನೀರು ಬಡಗಣಕ್ಕೆ ಹರಿದು ಗೆಟ್ಟವಾಡಿಯ ಆಚೆ ಕರ್ನಾಟಕಕ್ಕೆ ಹೋಗುತ್ತದೆ. ಅದು ನಮ್ಮ ಲಿಮಿಟ್ಟಲ್ಲ, ಗಡಿಯಲ್ಲಿ ನಿಲ್ಲಿಸಿ ಎಂದರು. ಹರಿಯುವ ನೀರನ್ನು ಒಂದು ನೀಲಿ ಚುಕ್ಕೆಯಿಟ್ಟು ಚೆಕ್‌ಪೋಸ್ಟಿನಲ್ಲಿ ತಡೆದೆ. ಎರಡು ಕೆರೆಗಳಿಗೆ ಒಂದಕ್ಕೊಂದು ಸಂಬಂಧವೇ ಇರಲಿಲ್ಲ, ನಡುವೆ ಗುಡ್ಡ. ಖಾಲಿ ಕಾಣುತ್ತದೆ, ಚುಕ್ಕೆಚುಕ್ಕೆ ಗೆರೆ ಎಳೆಯಿರಿ, ಮುಂದೆ ಯಾವಾಗಲಾದರೂ ಕಾಲುವೆ ತೋಡಬಹುದು ಎಂದರು. ಎಳೆದೆ. ಮೂಲೆಯಲ್ಲಿ ಒಂದು ಆನೆ ಇರಲಿ ಎಂದರು. ಆಗ ಮಾತ್ರ ತಿಗನಾರೆಯಲ್ಲಿ ನಮಗೆ ಮಜ್ಜಿಗೆ ಕೊಡುತ್ತಿದ್ದ ಮುದುಕಿ ಅಡ್ಡ ಬಂದಳು. ವಾರದ ಹಿಂದಷ್ಟೇ ಆನೆ ಅವಳ ಜೋಳವನ್ನು ಬುಡಸಮೇತ ಮೇಯ್ದು ಹೋಗಿತ್ತು.

"ಆನ ಬರೀಬ್ಯಾಡ ಕಣವ್ವ. ಬರೀದೇನೇ ಬತ್ತದೆ, ಬರುದ್ರ ಬುಟ್ಟದಾ" ಎಂದಳು. ಆನೆಯನ್ನು ಬಿಟ್ಟು ಅಲ್ಲಿ ಒಂದು ಹಂಸ ಹಾಕಿದೆ.

ಇಷ್ಟೆಲ್ಲ ಸುಳ್ಳಿನ ನಡುವೆ ಒಂದೇ ಒಂದು ನಿಜ ಇರಲೆಂದು ನಾನು ಹಟ ಹಿಡಿದದ್ದು ಬಸವನ ವಿಷಯದಲ್ಲಿ. ಪಣಕಹಳ್ಳಿಯವರು ಹೊಲಕ್ಕೆ ಹೋಗುವ ದಾರಿಗೆ ದೊಡ್ಡಹಳ್ಳ ಅಡ್ಡ ಬರುತ್ತದೆ. ಅಲ್ಲಿ ಸೇತುವೆ ಇಲ್ಲ, ಹಾಯ್ದು ದಾಟಬೇಕು. ಹಾಯುವ ಜಾಗದ ಪಕ್ಕದಲ್ಲಿ, ಹಳ್ಳದೊಳಗೇ, ಕಾಲು ಮಡಚಿ ಕೂತ ಒಂದು ಕಲ್ಲಿನ ಬಸವ. ಸೊಂಟದೆತ್ತರವೂ ಇಲ್ಲ, ಮೂಗು ಸವೆದುಹೋಗಿದೆ. ಪೂಜೆಯೆಂದು ದೊಡ್ಡದೇನೂ ನಡೆಯುತ್ತಿರಲಿಲ್ಲ. ದಾಟುವವರು ಒಂದು ಹೂವಿಟ್ಟರೆ ಇಟ್ಟರು. ಆದರೆ ಹಳ್ಳ ಬಂದಾಗ ಊರಿನ ಕಣ್ಣೆಲ್ಲ ಅವನ ಮೇಲೆ. ಅದಕ್ಕೊಂದು ಮಾತೇ ಇತ್ತು, ಸಣ್ಣರಂಗ ಅದನ್ನು ನನಗೆ ನೀರಿನಲ್ಲಿ ನಿಂತೇ ಕಲಿಸಿದ.

"ಗೊರಸು ನೆಂದ್ರ ಎತ್ತು ನಡ್ಸು, ಗಂಟೆ ಮುಳುಗ್ದ್ರ ಎತ್ತು ಬುಚ್ಚು, ಇಣಿಲು ಮುಳುಗ್ದ್ರ ಮನೇಗೋಗಿ ಇಟ್ಟುಣ್ಣು."

ಅಂದರೆ ಬಸವನ ಮಡಚಿದ ಗೊರಸಿನವರೆಗೆ ನೀರಿದ್ದರೆ ಗಾಡಿ ಹೋಗಬಹುದು. ಕೊರಳ ಗಂಟೆ ಮುಳುಗಿದರೆ ಗಾಡಿ ನಿಲ್ಲಿಸಿ ಎತ್ತು ಬಿಚ್ಚಿ ಆಳು ಮಾತ್ರ ದಾಟಬೇಕು. ಬೆನ್ನ ಮೇಲಿನ ಹಿಣಿಲೂ ಮುಳುಗಿದರೆ ಮನೆಗೆ ಹೋಗಿ ಮುದ್ದೆ ಉಣ್ಣುವುದೊಂದೇ ಕೆಲಸ, ಯಾಕೆಂದರೆ ಆಗ ಸ್ವಲ್ಪ ಕೆಳಗೆ ಹಳ್ಳಕ್ಕೆ ಅಡ್ಡ ಕಟ್ಟಿದ ಕಲ್ಲುಕಟ್ಟೆಯ ಮೇಲೆ ನೀರು ಹಾರುತ್ತದೆ. ಅಲ್ಲಿಗೆ ಕೊಚ್ಚಿಹೋದವನನ್ನು ಗೆಟ್ಟವಾಡಿಯ ಕಡೆ ಹೋಗಿ ಹುಡುಕಬೇಕು. ನಾನು ಇದನ್ನೇ ದೋಣಿಯವರ ಮಾತಿಗೆ ತಿರುಗಿಸಿದೆ. ಗೊರಸಿಗೆ ನೀರಿದ್ದರೆ ದೋಣಿಯ ತಳ ಮರಳಿಗೆ ಒರೆಯುತ್ತದೆ, ಬೇಡ. ಗಂಟೆಗೆ ಬಂದರೆ ಹೋಗಬಹುದು. ಹಿಣಿಲು ಮುಳುಗಿದರೆ ಯಾರೂ ಇಳಿಯಬಾರದು. ನಕ್ಷೆಯ ಕೆಳಗೆ ಹೆಬ್ಬೆರಳು ಗಾತ್ರದ ಮೂರು ಬಸವ, ಮೂರಕ್ಕೂ ಬೇರೆಬೇರೆ ಎತ್ತರದಲ್ಲಿ ನೀಲಿ ಗೆರೆ. ಸಾರ್ ಮೊದಲು ಮೂಗು ಮುರಿದರು, ಆಮೇಲೆ ಅದನ್ನೇ ಎಲ್ಲರಿಗೂ ತೋರಿಸಿಕೊಂಡು ತಿರುಗಿದರು. ನನಗಂತೂ ಆ ಮೂರು ಬಸವನ ಮೇಲೆ ಹೆತ್ತವಳ ಹಾಗೆ ಹೆಮ್ಮೆ.

ಹಸ್ತಾ ಮಳೆಯ ಹೊತ್ತಿಗೆ ನಕ್ಷೆ ಅಚ್ಚಾಯಿತು. ಸತ್ಯಮಂಗಲದ ಕಡೆಯ ಪೇಂಟರೊಬ್ಬರು ಬಂದು ಅದನ್ನೇ ದೊಡ್ಡದಾಗಿ ತಗಡಿನ ಬೋರ್ಡಿನ ಮೇಲೆ ಬರೆದು ದೊಡ್ಡಹಳ್ಳದ ದಡದಲ್ಲಿ ನೆಟ್ಟರು. ಮೂರು ದಿನ ಅವರ ಪಕ್ಕ ನಿಂತು, ಗೆರೆ ಒಂದು ಕೂದಲಷ್ಟು ಸೊಟ್ಟಗಾದರೂ ಅಳಿಸಿ ಬರೆಸಿದೆ. ಆ ನೀಲಿಯ ವಾಸನೆ ನನ್ನ ಮೂಗಿಗೆ ಹತ್ತಿದ್ದು ಅಲ್ಲಿ. ಅದೇ ವಾರ ಕೆಳಗಿನಿಂದ ದೋಣಿಗಳೂ ಬಂದವು. ಎರಡು ರಬ್ಬರು ದೋಣಿ, ಪೆಡಲು ತುಳಿಯುವ ಒಂದು ಹಂಸ. ದಿಂಬಂ ಘಾಟಿಯ ಯಾವುದೋ ತಿರುವಿನಲ್ಲಿ ಎದುರಿಗೆ ಬಂದ ಲಾರಿಗೆ ತಗಲಿ ಹಂಸದ ಕತ್ತು ಮುರಿದಿತ್ತು. ತಲೆಯಿಲ್ಲದ ಹಂಸವನ್ನು ಕೆರೆಗೆ ಬಿಟ್ಟರು. ಅದರಲ್ಲಿ ಕೂತು ಪೆಡಲು ತುಳಿದ ಮೊದಲಿಗರು ಸಾರ್. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಸೆರಗು ಕಚ್ಚಿಕೊಂಡು ನಕ್ಕರು.

ಆದರೆ ನಿಜವಾಗಿ ನಗಬೇಕಾಗಿದ್ದುದು ಆಮೇಲೆ ನಡೆದದ್ದಕ್ಕೆ. ಊರಿನ ಹಿರಿಯರಲ್ಲಿ ಶಿವಮಲ್ಲಪ್ಪನವರು ಎಂದಿದ್ದರು, ಗೌರಮ್ಮಣ್ಣಿಯ ಭಾವ. ಹಣೆ ತುಂಬ ವಿಭೂತಿ, ಮಾತು ಕಡಿಮೆ, ಆಡಿದರೆ ಊರು ಕೇಳಬೇಕು. ಅವರು ಬೋರ್ಡಿನ ಮುಂದೆ ಬಹಳ ಹೊತ್ತು ನಿಂತರು. ಸರ್ಕಾರದ ಬೋರ್ಡಿನ ಮೇಲೆ ತಮ್ಮೂರ ಬಸವ, ಒಂದಲ್ಲ, ಮೂರು. ಕಣ್ಣಲ್ಲಿ ನೀರು ಬಂದಿತ್ತು. ಮಾರನೆಯ ದಿನ ನ್ಯಾಯದ ಕಟ್ಟೆಯಲ್ಲಿ ಅವರ ಮಾತು ನಡೆಯಿತು: ಎಲ್ಲೆಲ್ಲಿಂದಲೋ ಜನ ಬಂದು ನೋಡುವ ದೇವರನ್ನು ಕೆಸರಿನಲ್ಲಿ ಕೂರಿಸಿದ್ದೀವಲ್ಲ, ನಮ್ಮ ಮನೆ ಎತ್ತಿಗೆ ಕೊಟ್ಟಿಗೆ ಕಟ್ಟುತ್ತೀವಿ, ಬಸವಣ್ಣನಿಗೆ ಒಂದು ಪೀಠ ಬೇಡವೇ? ಯಾರೂ ಎದುರಾಡಲಿಲ್ಲ. ಮಳೆ ಬಿಡುವು ಕೊಟ್ಟಿತ್ತು, ಹಳ್ಳದಲ್ಲಿ ಕಾಲು ನೆನೆಯುವಷ್ಟೇ ನೀರು. ಊರಿನ ಗಂಡಸರೆಲ್ಲ ಸೇರಿ ಬಸವನನ್ನು ಹಾರೆಯಿಂದ ಮೀಟಿ ಎಬ್ಬಿಸಿ, ಅದೇ ಜಾಗದಲ್ಲಿ ಎರಡು ಮೊಳ ಎತ್ತರದ ಸಿಮೆಂಟಿನ ಪೀಠ ಕಟ್ಟಿ, ಅದರ ಮೇಲೆ ಕೂರಿಸಿದರು.

ಆ ಪೂಜೆಯ ದಿನ ನನಗೆ ಶಾಲು ಹೊದಿಸಿದರು. ಬಸವನನ್ನು ಬೋರ್ಡಿಗೆ ತಂದ ತಾಯಿ ಎಂದು ಶಿವಮಲ್ಲಪ್ಪನವರು ನನ್ನ ಕೈಗೆ ತೆಂಗಿನಕಾಯಿ ಕೊಟ್ಟರು. ಪಾಯಸಕ್ಕೆ ಕೂತಾಗ ಸಣ್ಣರಂಗ ನನ್ನ ಪಕ್ಕ ಬಂದು ಕುಕ್ಕರಗಾಲಿನಲ್ಲಿ ಕೂತು ತಗ್ಗಿದ ದನಿಯಲ್ಲಿ ಕೇಳಿದ.

"ಬಸವಣ್ಣನ್ನ ಎತ್ತಿ ಕೂರ್ಸುದ್ರು ಸರಿ. ನೀರ್ಗೆ ಯಾರ್ ಯೋಳ್ತಾರ, ಎರಡು ಮೊಳ ಮ್ಯಾಲಿಂದ ಅರಿ ಅಂತ?"

ನಾನು ನಕ್ಕೆ. ಒಳ್ಳೆಯ ತಮಾಷೆ ಎಂದುಕೊಂಡೆ. ಊರಿನವರ ಮೇಲೆ ನನಗಿದ್ದ ತಾತ್ಸಾರಕ್ಕೆ ಆ ಮಾತು ಚೆನ್ನಾಗಿ ಒದಗಿತು. ದೇವರನ್ನು ಎತ್ತರಿಸಿ ನನ್ನ ಚಿತ್ರದ ಅಂದ ಕೆಡಿಸಿದರಲ್ಲ ಎಂಬಷ್ಟೇ ಬೇಸರ ನನ್ನದು. ಅಳತೆಗೋಲನ್ನೇ ಕಿತ್ತು ಮೇಲಿಟ್ಟಿದ್ದಾರೆ, ಈಗ ಗಂಟೆ ಮುಳುಗಬೇಕಾದರೆ ನೀರು ಆಳಿನ ಎದೆಗೆ ಬಂದಿರುತ್ತದೆ, ನನ್ನ ಬೋರ್ಡು ಅದನ್ನು ನೋಡಿ ಹೋಗಬಹುದು ಎನ್ನುತ್ತದೆ. ನಕ್ಷೆ ಬರೆಯುವವಳಿಗೆ ಇದು ಹೊಳೆಯಬೇಡವೇ? ಹೊಳೆದದ್ದು ತೆಪ್ಪದ ರಂಗನಿಗೆ. ನಾನು ಎರಡನೆಯ ಸಲ ಪಾಯಸ ಹಾಕಿಸಿಕೊಂಡೆ.

ಸ್ವಾತಿ ಮಳೆ ಮೂರು ದಿನ ಹೊಡೆದು ನಾಲ್ಕನೆಯ ದಿನ ಬೆಳಿಗ್ಗೆ ಬಿಸಿಲು ಬಂತು. ಅದೇ ದಿನ ಉದ್ಘಾಟನೆ. ಸಾರ್ ತಮ್ಮ ಬಳಗದ ಎರಡು ಕುಟುಂಬಗಳನ್ನು ಕರೆತಂದಿದ್ದರು. ಕಿತ್ತಳೆ ಬಣ್ಣದ ಅಂಗಿ, ಕಪ್ಪು ಕನ್ನಡಕ, ಕೊರಳಲ್ಲಿ ಸೀಟಿ. ಮೊಣಕಾಲುದ್ದದ ನೀರು ನೋಡುವುದಕ್ಕೂ ಟೋಪಿ ಬೇಕಾದಂಥ ಜನ. ಒಬ್ಬಾಕೆಯ ಮಡಿಲಲ್ಲಿ ನಾಲ್ಕು ವರ್ಷದ ಹೆಣ್ಣುಮಗು. ದೊಡ್ಡಹಳ್ಳ ಕೆಂಪಗೆ ತಿರುಗಿ ಹರಿಯುತ್ತಿತ್ತು. ಪೀಠ ನೀರಿನಡಿ ಹೋಗಿತ್ತು, ಬಸವನ ಗಂಟೆ ಆಗಷ್ಟೇ ಮುಳುಗಿತ್ತು, ಹಿಣಿಲು ಒಣಗಿಕೊಂಡು ಎದ್ದು ಕಾಣುತ್ತಿತ್ತು. ಬೋರ್ಡಿನ ಮೇಲಿನ ನಡುವಿನ ಬಸವ ಇದ್ದ ಹಾಗೇ. ಸಾರ್ ಬೋರ್ಡು ನೋಡಿದರು, ಬಸವನನ್ನು ನೋಡಿದರು, ರಬ್ಬರು ದೋಣಿ ಇಳಿಸಿ ಎಂದರು.

ಸಣ್ಣರಂಗ ದೋಣಿಯ ಹಗ್ಗ ಹಿಡಿದುಕೊಂಡ. "ಬ್ಯಾಡಿ ಸಾ. ಬಸವಣ್ಣ ಮೊದ್ಲಿನ ಜಾಗ್ದಲ್ಲಿ ಇಲ್ಲ. ಅವ ಕೆಳಗಿದ್ದಿದ್ರ ಇವತ್ತು ಇಣಿಲು ಮುಳುಗಿ ಮ್ಯಾಲೆ ಒಂದು ಮೊಳ ನೀರು. ಕಟ್ಟೆ ಮ್ಯಾಲೆ ನೀರು ಆರ್ತಾ ಅದೆ."

"ಇಣಿಲು ಒಣಗೇ ಅದಲ್ಲ ಕಣ್ಲಾ, ಕಣ್ಣು ಕಾಣದಿಲ್ವಾ?" ಎಂದರು ಶಿವಮಲ್ಲಪ್ಪನವರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಸುತ್ತ ನಿಂತ ಊರಿನವರೂ ಹೂಂಗುಟ್ಟಿದರು. ಹದಿನೈದು ದಿನದ ಹಿಂದೆ ತಮ್ಮ ಕೈಯಿಂದಲೇ ಆ ಕಲ್ಲನ್ನು ಎತ್ತಿಟ್ಟ ಜನ. ಆದರೆ ಹುಟ್ಟಿದಂದಿನಿಂದ ಅವರ ಕಣ್ಣು ನೀರನ್ನು ನೋಡಿದ್ದೇ ಇಲ್ಲ, ಬಸವನನ್ನು ನೋಡಿವೆ. ಹಿಣಿಲು ಕಂಡರೆ ಭಯವಿಲ್ಲ, ಅಷ್ಟೇ ಲೆಕ್ಕ. ಪೀಠ ಕಟ್ಟಿದ್ದು ಭಕ್ತಿಯ ವಿಷಯ, ಹಳ್ಳ ದಾಟುವುದು ಬೇರೆ ವಿಷಯ. ಎರಡನ್ನೂ ಸೇರಿಸಿ ಯೋಚಿಸುವ ಅಭ್ಯಾಸ ಅವರಿಗಿರಲಿಲ್ಲ.

ಸಾರ್‌ಗೆ ಸಿಟ್ಟು ಬಂತು. ಹೆದರುಪುಕ್ಕಲನಿಗೆ ಅಂಬಿಗನ ಕೆಲಸ ಯಾಕೆ, ಬೇರೆಯವರನ್ನು ನೋಡುತ್ತೇನೆ ಎಂದರು. ಸಣ್ಣರಂಗನ ಮುಖ ಸಣ್ಣದಾಯಿತು, ಹಗ್ಗ ಮಾತ್ರ ಬಿಡಲಿಲ್ಲ. ಆಗ ಸಾರ್ ನನ್ನ ಕಡೆ ತಿರುಗಿದರು. "ನೀಂಗಳೇ ಸೊಲ್ಲುಂಗ ಮೇಡಂ" ಎಂದರು, ನೀವೇ ಹೇಳಿ, ಗಂಟೆ ಮುಳುಗಿದರೆ ದೋಣಿ ಹೋಗಬಹುದು ತಾನೇ?

ಎಲ್ಲರೂ ನನ್ನನ್ನೇ ನೋಡಿದರು. ಆ ಗಳಿಗೆಯಲ್ಲಿ ನನಗೆ ಎಲ್ಲವೂ ಹೊಳೆಯಿತು. ಪಾಯಸದ ದಿನದ ಮಾತು ತಮಾಷೆಯಲ್ಲವೆಂದು ಗೊತ್ತಾಯಿತು. ಕಟ್ಟೆಯ ಸದ್ದೂ ಕಿವಿಗೆ ಬೀಳುತ್ತಿತ್ತು. ನನ್ನ ನಕ್ಷೆ ತಪ್ಪು ಎಂದು ಮೂರು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮೊದಲ ದಿನದಿಂದ ಇವರೆಲ್ಲರನ್ನೂ ಒಳಗೊಳಗೇ ಹೀಯಾಳಿಸಿಕೊಂಡು ಬಂದವಳು ನಾನು. ಸಾರ್ ಬೆಪ್ಪ, ಊರಿನವರು ಗಾಂಪರು, ದೋಣಿಯವರು ಬೊಂಬೆಗಳು. ಅವರ ಮುಂದೆ, ಅದೂ ಬೋರ್ಡಿನ ಕೆಳಗೆ ನಿಂತು, ತಪ್ಪಾಯಿತು ಎನ್ನುವುದಕ್ಕೆ ನಾಲಿಗೆ ಏಳಲಿಲ್ಲ. ಕೈಯಲ್ಲಿದ್ದ ಅಚ್ಚಿನ ನಕ್ಷೆಯನ್ನು ಬಿಡಿಸಿ ನೋಡಿದೆ, ಅದರಲ್ಲಿ ಬೇರೇನೋ ಇರಬಹುದು ಎನ್ನುವಂತೆ.

"ಮ್ಯಾಪಿನಲ್ಲಿ ಹಾಗೇ ಇದೆ ಸಾರ್" ಎಂದೆ.

ಅದರಲ್ಲಿ ಸುಳ್ಳಿಲ್ಲ. ಈ ಜನ್ಮದಲ್ಲಿ ನಾನು ಆಡಿದ ಅತ್ಯಂತ ಹೇಡಿ ಮಾತು ಅದು.

ಸಣ್ಣರಂಗ ನನ್ನ ಮುಖವನ್ನು ಒಂದು ಸಲ ನೋಡಿದ. ಆಮೇಲೆ ಹಗ್ಗವನ್ನು ಮತ್ತೊಬ್ಬರ ಕೈಗೆ ಕೊಟ್ಟು, ಅಂಗಿ ಕಳಚಿ, ತೆಪ್ಪ ನಡೆಸುವ ಬಿದಿರ ಗಳು ಹಿಡಿದು ನೀರಿಗಿಳಿದ. ನಾಲ್ಕು ಹೆಜ್ಜೆಗೆ ಮಂಡಿ, ಎಂಟು ಹೆಜ್ಜೆಗೆ ಸೊಂಟ. ಬಸವನ ಪಕ್ಕಕ್ಕೆ ಹೋಗುವ ಹೊತ್ತಿಗೆ ನೀರು ಎದೆಯ ಮೇಲಿತ್ತು. ಅಲ್ಲಿ ನಿಂತು, ಗಳುವನ್ನು ಬಸವನಿಗೆ ಒರಗಿಸಿ, ನಮ್ಮ ಕಡೆ ತಿರುಗಿ ಎರಡೂ ಕೈ ಮೇಲೆತ್ತಿದ, ಎಲ್ಲರಿಗೂ ಕಾಣಲಿ ಎಂದು. ಐದಡಿ ಎತ್ತರದ ಆಳು, ತಲೆ, ಹೆಗಲು, ಕೈ ಇಷ್ಟೇ ಕಾಣುತ್ತಿದ್ದವು. ಶಿವಮಲ್ಲಪ್ಪನವರ ಬಾಯಿಂದ ಶಿವಶಿವಾ ಎಂದು ಬಂತು. ಮಗುವಿನ ತಾಯಿ ಹಿಂದೆ ಸರಿದಳು. ಗಳು ಹಿಡಿಯಲು ಸಣ್ಣರಂಗ ಕೈ ಇಳಿಸುವಷ್ಟರಲ್ಲಿ ಕಾಲು ತಪ್ಪಿತು. ನೀರು ಅವನನ್ನು ಎತ್ತಿಕೊಂಡು ಹೋಗಿ ಕಟ್ಟೆಯ ಕಲ್ಲಿಗೆ ಬಡಿಯಿತು.

ಕಟ್ಟೆಯ ಮೂಲೆಯ ಹೊಂಗೆಯ ಬೇರು ಅವನ ಕೈಗೆ ಸಿಕ್ಕಿತ್ತು. ಶಿವಮಲ್ಲಪ್ಪನವರೇ ಮೊದಲು ಓಡಿದವರು, ಪಂಚೆ ಎತ್ತಿಕಟ್ಟದೆ, ಜಾರಿ ಬಿದ್ದು, ಎದ್ದು. ದೋಣಿಯ ಹಗ್ಗ ಎಸೆದು ಏಳೆಂಟು ಜನ ಸೇರಿ ಎಳೆದರು. ಒಬ್ಬ ಮುದುಕ ನನ್ನ ಕಡೆ ತಿರುಗಿ ಕೈ ಕೊಡಿ ಎಂದು ಕೂಗಿದ. ನಾನು ನಿಂತಲ್ಲೇ ನಿಂತಿದ್ದೆ. ಎರಡೂ ಕೈಯಲ್ಲಿ ಮ್ಯಾಪಿತ್ತು. ಸಣ್ಣರಂಗ ಬದುಕಿಕೊಂಡ. ಬಲಮಂಡಿ ಮಾತ್ರ ಎರಡು ಕಲ್ಲಿನ ನಡುವೆ ಸಿಕ್ಕಿ ಜಜ್ಜಿಹೋಗಿತ್ತು. ಅವನ ಆಸ್ಪತ್ರೆಯ ವಾಸ ಮುಗಿಯುವಷ್ಟರಲ್ಲಿ ಹಳ್ಳ ಇಳಿಯಿತು, ಮಾರನೆಯ ವರ್ಷ ಮಳೆಯೂ ಕೈಕೊಟ್ಟಿತು, ಸಾರ್‌ಗೆ ಬೇರೆ ಊರಿಗೆ ವರ್ಗವಾಯಿತು. ನಾನು ಅದಕ್ಕಿಂತ ಮುಂಚೆಯೇ ಪೆಟ್ಟಿಗೆ ಕಟ್ಟಿಕೊಂಡು ಚಾಮರಾಜನಗರದ ಬಸ್ಸು ಹತ್ತಿದ್ದೆ. ಹೊರಡುವಾಗ ಗೌರಮ್ಮಣ್ಣಿ ಬಾಗಿಲಿಗೆ ಬರಲಿಲ್ಲ.

ಅವರೇ ಕಳೆದ ತಿಂಗಳು ಮೊಮ್ಮಗಳ ನಾಮಕರಣಕ್ಕೆ ಕರೆದಿದ್ದರು. ಮಗುವಿಗೆ ಬೆಳ್ಳಿ ಬಟ್ಟಲು ಕೊಟ್ಟು, ಊಟ ಮುಗಿಸಿ, ಯಾರಿಗೂ ಹೇಳದೆ ದೊಡ್ಡಹಳ್ಳಕ್ಕೆ ನಡೆದೆ. ಬೋರ್ಡು ಇನ್ನೂ ನಿಂತಿತ್ತು. ನೀಲಿ ಗೆರೆಗಳು ಹಾಗೇ ಇದ್ದವು, ಗಡಿಯಲ್ಲಿ ನಿಂತ ಚುಕ್ಕೆ ಹಾಗೇ ಇತ್ತು. ಕೆಳಗಿನ ಮೂರು ಬಸವರನ್ನು ಮಾತ್ರ ಯಾರೋ ಮೊಳೆಯಲ್ಲಿ ತಗಡು ಕಾಣುವವರೆಗೆ ಕೆರೆದುಹಾಕಿದ್ದರು. ಹಳ್ಳ ಒಣಗಿತ್ತು. ಯಾರೋ ಕೆರೆಯಿಂದ ತಂದು ಎಸೆದಿದ್ದ ತಲೆಯಿಲ್ಲದ ಹಂಸ ದಡದಲ್ಲಿ ಮಗುಚಿಕೊಂಡು, ಅದರಡಿ ಒಂದು ನಾಯಿ ಮಲಗಿತ್ತು. ಬಸವ ಪೀಠದ ಮೇಲೇ ಇದ್ದ. ಒಮ್ಮೆ ಪೂಜೆ ಮಾಡಿ ಕೂರಿಸಿದವನನ್ನು ಇಳಿಸುವ ಹಾಗಿಲ್ಲವಂತೆ. ಅದಕ್ಕೆ ಊರಿನವರು ಅವನ ಪಕ್ಕದಲ್ಲಿ, ಹಳ್ಳದ ತಳದಲ್ಲೇ, ಆಳೆತ್ತರದ ಒಂದು ಬೋಳು ಕಲ್ಲುಕಂಬ ನೆಟ್ಟಿದ್ದರು. ಅದಕ್ಕೆ ಮೂರು ಗೀಟು ಕೊರೆದಿತ್ತು.

ಕಂಬಕ್ಕೆ ಒರಗಿ, ಕಾಲು ಚಾಚಿ ಸಣ್ಣರಂಗ ಕೂತಿದ್ದ. ಹಸುಗಳು ಮರಳಿನ ಅಂಚಿನ ಹುಲ್ಲು ಮೇಯುತ್ತಿದ್ದವು. ನನ್ನನ್ನು ಗುರುತು ಹಿಡಿಯಲು ಅವನಿಗೆ ಕ್ಷಣವೂ ಬೇಕಾಗಲಿಲ್ಲ. ಕೂತುಕೊಳ್ಳಿ ಎಂದ. ಆ ದಿನದ ಮಾತು ಎತ್ತಲೇ ಇಲ್ಲ. ಕಂಬ ನೆಡುವಾಗ ಶಿವಮಲ್ಲಪ್ಪನವರೇ ಅವನನ್ನು ಪಕ್ಕದಲ್ಲಿ ನಿಲ್ಲಿಸಿ ಅಳತೆ ತೆಗೆಸಿದರಂತೆ, ಮಂಡಿಗೊಂದು, ಸೊಂಟಕ್ಕೊಂದು, ಎದೆಗೊಂದು ಗೀಟು. ಊರಿನಲ್ಲಿ ಹಳೆಯ ಮಾತು ಹೋಗಿ ಹೊಸ ಮಾತು ಬಂದಿದೆ ಎಂದು ನಾಚಿಕೊಂಡೇ ಹೇಳಿದ.

"ರಂಗನ ಮಂಡಿಗೆ ಬಂದ್ರ ನಡಿ, ಸೊಂಟಕ್ಕ ಬಂದ್ರ ತಡಿ, ಎದೆಗ ಬಂದ್ರ ಮನೇಗೋಗಿ ಇಟ್ಟುಣ್ಣು. ಬದುಕಿರೋವಾಗ್ಲೇ ನನ್ನ ಕಲ್ಲು ಮಾಡ್ಬುಟ್ರು ಮೇಡಮ್ಮ."

ನಾನು ನಗಬೇಕೆಂದು ಅವನು ಕಾದ. ನನಗೆ ನಗು ಬರಲಿಲ್ಲ. ತಪ್ಪಾಯಿತು ಎಂದೆ, ಐದಾರು ವರ್ಷ ತಡವಾಗಿ. ಅವನು ಹಸುವೊಂದನ್ನು ಗದರಿಸಿದ. ಈಗಲೂ ಮ್ಯಾಪು ಬರೆಯುತ್ತೀರಾ ಎಂದು ಕೇಳಿದ. ಬರೆಯುತ್ತೇನೆ ಎಂದೆ.

"ಬರೀರಿ, ಬರೆಯದು ತಪ್ಪಲ್ಲ. ಯಾರಾರ ಕೇಳ್ದಾಗ ಮಾತ್ರ ಮ್ಯಾಪ್ ನೋಡ್ಬ್ಯಾಡಿ. ನೀರು ನೋಡಿ ಯೋಳಿ."

ಹೊತ್ತು ಇಳಿಯುತ್ತಿತ್ತು. ಹಸುಗಳು ತಾವಾಗಿ ಊರ ದಾರಿ ಹಿಡಿದವು. ಸಣ್ಣರಂಗ ಏಳಲು ನೋಡಿದ, ಬಲಮಂಡಿ ಮಡಚಲಿಲ್ಲ. ಕಂಬ ಹಿಡಿದು ಒಮ್ಮೆ ಎದ್ದು ಮತ್ತೆ ಕೂತ. ಆಮೇಲೆ ನನ್ನ ಕಡೆ ಕೈ ಚಾಚಿದ. ಈ ಸಲ ನನ್ನ ಕೈ ಖಾಲಿಯಿತ್ತು. ಹಿಡಿದು ಎಬ್ಬಿಸಿದೆ.